ಉರುಳೆಯ ಎರಡು ಬದಿ

ಯೆಲ್ಶಿನಾ, ಜನವರಿ ೧೫, ೨೦೦೬

ಅಪ್ಪಾ,

ಫೋನಿನಲ್ಲಿ ನಮ್ಮ ಮಾತು ನಡೆಯುವುದಿಲ್ಲ ಎಂದು ಕಳೆದ ಭಾನುವಾರವೇ ಗೊತ್ತಾಯಿತು. ಅರ್ಧ ಹೊತ್ತು ನೀನು ಕೆಮ್ಮಿದೆ, ಇನ್ನರ್ಧ ಹೊತ್ತು ಆರೋಗ್ಯಧಾಮದ ಫೋನಿಗೆ ನಿನ್ನ ಹಿಂದೆ ಸಾಲು ನಿಂತವರು ಗೊಣಗಿದರು. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು "ಕೊಲೊಮಾನ್, ಉಣ್ಣೆ ಕಾಲುಚೀಲ ಹಾಕ್ಕೊಂಡಿದೀಯಾ?" ಎನ್ನುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಅವಳು ಖಾಲಿ ಫೋನಿಗೇ ನಾಲ್ಕು ಮಾತು ಬೈದಳು. ಅದಕ್ಕೇ ಇನ್ನು ಕಾಗದ.

ಮೊದಲು ಒಳ್ಳೆಯ ಸುದ್ದಿ. ನಮ್ಮೆಲ್ಲರ ಎದೆಯ ಎಕ್ಸ್-ರೇ ಬಂತು. ನಿನ್ನ ಕ್ಷಯ ಮನೆಯಲ್ಲಿ ಯಾರಿಗೂ ಅಂಟಿಲ್ಲ. ಅಮ್ಮ ಆ ದಿನ ರೊಟ್ಟಿಗೆ ಬೆಣ್ಣೆ ಧಾರಾಳವಾಗಿ ಹಚ್ಚಿದಳು. ಲಾಂಡ್ರಿಯಲ್ಲಿ ಮಾತ್ರ ನಿನ್ನ ಕಾಯಿಲೆಯ ವಿಷಯ ಹೇಳಿಲ್ಲ. ಅಪ್ಪ ಪ್ರಾಗ್ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ ಎಂದಿದ್ದೇನೆ. ಹೋಟೆಲಿನವರ ಹಾಸುಬಟ್ಟೆ ಮುಟ್ಟುವ ಕೈ ನನ್ನದು. ಗೊತ್ತಾದರೆ ಅದೇ ದಿನ ಮನೆಗೆ ಕಳಿಸುತ್ತಾರೆ.

ಕೆಲಸ ಚೆನ್ನಾಗಿದೆ. ಸ್ಕೀ ಆಡುವವರ ಕಾಲ, ಬೆಟ್ಟದ ಮೇಲಿನ ಹೋಟೆಲುಗಳಿಂದ ಲಾರಿ ಲಾರಿ ಬಟ್ಟೆ ಬರುತ್ತದೆ. ನನ್ನನ್ನು ಈಗ ದೊಡ್ಡ ಇಸ್ತ್ರಿ ಉರುಳೆಯ ಹತ್ತಿರವೇ ಖಾಯಂ ಮಾಡಿದ್ದಾರೆ. ಒದ್ದೆ ಹಾಸುಬಟ್ಟೆಯ ಎರಡು ತುದಿ ಇಬ್ಬರು ಹಿಡಿದು ಉರುಳೆಯ ಬಾಯಿಗೆ ಕೊಡಬೇಕು. ಒಬ್ಬಳು ಚೂರು ತಡ ಮಾಡಿದರೂ ಬಟ್ಟೆ ಸೊಟ್ಟಗೆ ಹೋಗುತ್ತದೆ. ನನ್ನ ಎದುರು ಬದಿಗೆ ಸ್ಲಾವ್ಕಾ ಎಂಬ ಹೊಸ ಹುಡುಗಿ ಬಂದಿದ್ದಾಳೆ. ನಮ್ಮ ರೋಮಾ ಜನದವಳಲ್ಲ, ಗಾಜಿ. ಮೊದಲ ದಿನ ಬೆರಳು ಸುಟ್ಟುಕೊಂಡು ಅತ್ತಳು. ಈಗ ಪರವಾಗಿಲ್ಲ, ನಾನು ಉಸಿರು ಎಳೆದುಕೊಂಡರೆ ಸಾಕು, ಅವಳ ಕೈ ಏಳುತ್ತದೆ. ಬಾಯಿ ಮಾತ್ರ ನಿಲ್ಲುವುದಿಲ್ಲ.

ಅಮ್ಮ ಕಾಲುಚೀಲದ ಬಗ್ಗೆ ಮತ್ತೆ ಕೇಳುತ್ತಿದ್ದಾಳೆ. ಉತ್ತರ ಬರಿ, ಇಲ್ಲದಿದ್ದರೆ ನನ್ನನ್ನು ಬಿಡುವುದಿಲ್ಲ.

ನಿನ್ನ
ಝನೆತಾ


ಆರೋಗ್ಯಧಾಮ, ಜನವರಿ ೨೬

ಝನೆತಾ,

ಹಾಕಿಕೊಂಡಿದ್ದೇನೆ. ಎರಡು ಜೊತೆ, ಒಂದರ ಮೇಲೊಂದು. ಅಮ್ಮನಿಗೆ ಹೇಳು.

ಎಕ್ಸ್-ರೇ ವಿಷಯ ಓದಿ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿದೆ. ಇಲ್ಲಿ ಬಂದ ಮೇಲೆ ಅದೊಂದೇ ಯೋಚನೆ ಇತ್ತು.

ನನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಬೆಲೂಶ್ ಎಂದು ಹೆಸರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಾನು ಬಂದ ದಿನ ನನ್ನ ಎದುರೇ ನರ್ಸಿಗೆ "ನನಗೆ ಬೇರೆ ಕೋಣೆ ಕೊಡಿ" ಎಂದರು. ನರ್ಸ್ "ಬೇರೆ ಎಲ್ಲೂ ಹಾಸಿಗೆ ಇಲ್ಲ, ನಿಮಗಿರೋದೂ ಅದೇ ಕಾಯಿಲೆ, ಅವರಿಗಿರೋದೂ ಅದೇ" ಎಂದಳು. ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ಇಸ್ಪೀಟು ಆಡಲು ಜೊತೆ ಯಾರೂ ಸಿಗಲಿಲ್ಲ. ಈಗ ದಿನಾ ಆಡುತ್ತೇವೆ. ಆಟದಲ್ಲಿ ಮೋಸ ಮಾಡುತ್ತಾರೆ, ನಾನು ನೋಡಿಯೂ ನೋಡದ ಹಾಗಿರುತ್ತೇನೆ.

ಆ ಕೆಲಸವನ್ನು ಜೋಪಾನವಾಗಿ ನೋಡಿಕೋ. ನಮ್ಮ ಕೇರಿಯಲ್ಲಿ ಎಷ್ಟು ಹುಡುಗಿಯರಿಗೆ ಕೆಲಸವಿದೆ ಎಂದು ನಿನಗೇ ಗೊತ್ತು.

ಅಪ್ಪ


ಯೆಲ್ಶಿನಾ, ಫೆಬ್ರವರಿ ೧೨

ಅಪ್ಪಾ,

ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ, ನಿನಗೇ ಮೊದಲು ಬರೆಯುತ್ತಿದ್ದೇನೆ.

ಶುಕ್ರವಾರ ಸಂಬಳವಾಯಿತು. ಸ್ಲಾವ್ಕಾಗೆ ಅದು ಮೊದಲನೆಯ ಪೂರ್ತಿ ಸಂಬಳ. "ಕೆಲಸ ಕಲಿಸಿದ್ದಕ್ಕೆ ಗುರುದಕ್ಷಿಣೆ ಬೇಡ್ವಾ? ಬಾ ಕೇಕ್ ತಿನ್ನೋಣ" ಎಂದು ಚೌಕದ ಬೇಕರಿಗೆ ಎಳೆದುಕೊಂಡು ಹೋದಳು. ಬೇಕರಿಯವಳು ನನ್ನನ್ನು ಎರಡು ಸಲ ನೋಡಿದಳು, ಸ್ಲಾವ್ಕಾ ಜೊತೆಗಿದ್ದಳೆಂದು ಸುಮ್ಮನಾದಳು. ಕುಳಿತೆವು. ಸ್ಲಾವ್ಕಾ ಕ್ರೀಮು ಮೆತ್ತಿದ ಬಾಯಲ್ಲೇ ಗೋಳು ಶುರು ಮಾಡಿದಳು.

"ಒಂಬತ್ತೂವರೆ ಸಾವಿರದಲ್ಲಿ ತಿಂಗಳು ಹೇಗೆ ತಳ್ತೀರಾ ಝನೆತಾ ನೀವೆಲ್ಲಾ? ನಂದು ಬಾಡಿಗೆಗೇ ಅರ್ಧ ಹೋಯ್ತು."

"ನಿನಗೆ ಒಂಬತ್ತೂವರೆನಾ?"

"ಹೂಂ. ನಿನಗೆ ಜಾಸ್ತಿ ಇರುತ್ತೆ ಬಿಡು, ನೀನು ಹಳಬಳು."

ನನಗೆ ಬರುವುದು ಏಳು ಸಾವಿರ ಕೊರುನಾ ಎಂದು ನಾನು ಹೇಳಲಿಲ್ಲ. ಕೇಕ್ ತಿಂದು ಮುಗಿಸಿದೆ. ಅದರ ರುಚಿ ಏನಿತ್ತೋ ನೆನಪಿಲ್ಲ. ಶನಿವಾರ ಬೆಳಿಗ್ಗೆ ಮರ್ಗಿತಾ ಚಿಕ್ಕಮ್ಮನನ್ನು ಕೇಳಿದೆ, ನಮ್ಮ ಕೇರಿಯಿಂದ ಬರುವ ಉಳಿದವರನ್ನೂ ಕೇಳಿದೆ. ಎಲ್ಲರಿಗೂ ಏಳೇ.

ಮಧ್ಯಾಹ್ನ ಹುದಾಕ್ ಮೇಸ್ತ್ರಿಯ ಕೋಣೆಗೆ ಹೋದೆ. ಅವನನ್ನು ನೀನು ನೋಡಿಲ್ಲ. ಗಾಜೊಗಳಿಗೆಲ್ಲಾ "ಬನ್ನಿ, ಕೂತ್ಕೊಳ್ಳಿ." ನಿನ್ನೆ ಮೊನ್ನೆ ಬಂದ ಸ್ಲಾವ್ಕಾಗೂ "ಬನ್ನಿ." ನಮಗೆ "ಬಾ, ಹೋಗು." ಮರ್ಗಿತಾ ಚಿಕ್ಕಮ್ಮ ಅವನ ತಾಯಿಯ ವಯಸ್ಸಿನವಳು, ಅವಳಿಗೂ "ಏಯ್, ಬಾರೇ."

"ಒಂದೇ ಉರುಳೆ, ಒಂದೇ ಬಟ್ಟೆ. ಆ ಬದಿಗೆ ಒಂದು ಸಂಬಳ, ಈ ಬದಿಗೆ ಒಂದು ಸಂಬಳ ಯಾಕೆ?" ಎಂದೆ. ಮೆಲ್ಲಗೇ ಕೇಳಿದೆ ಅಪ್ಪಾ, ದನಿ ಎತ್ತಲಿಲ್ಲ.

"ಯಾರು ಹೇಳಿದ್ದು ನಿನಗೆ?"

"ಯಾರೋ ಹೇಳಿದ್ರು."

"ನೋಡು ಹುಡುಗಿ, ನಿಮಗೇನು ಖರ್ಚಿರುತ್ತೆ? ಬಾಡಿಗೆ ಇಲ್ಲ. ಸೌದೆ ಕಾಡಲ್ಲಿ ಬಿಟ್ಟಿ. ಸಾಲದ್ದಕ್ಕೆ ಮಕ್ಕಳ ಹೆಸರಲ್ಲಿ ಸರ್ಕಾರದ ದುಡ್ಡು ಬೇರೆ."

"ನನಗೆ ಮಕ್ಕಳಿಲ್ಲ."

"ಆಗ್ತವೆ ಬಿಡು. ನಿಮ್ಮವರಿಗೇನು ತಡ."

ಕೋಣೆಯಲ್ಲಿ ಲೆಕ್ಕ ಬರೆಯುವವನೊಬ್ಬ ಇದ್ದ, ಅವನು ನಕ್ಕ. ನಾನು ಬಾಗಿಲು ಮೆತ್ತಗೆ ಹಾಕಿಕೊಂಡು ಬಂದೆ.

ನಾನೇನು ಮಾಡಲಿ ಹೇಳು.

ಝನೆತಾ


ಆರೋಗ್ಯಧಾಮ, ಫೆಬ್ರವರಿ ೨೦

ಝನೆತಾ,

ಈ ವಿಷಯ ಇಲ್ಲಿಗೇ ಬಿಟ್ಟುಬಿಡು.

ಬೇಡ ಎಂದಷ್ಟೇ ಹೇಳಿದರೆ ನೀನು ಕೇಳುವವಳಲ್ಲ. ಆದ್ದರಿಂದ ಕಾರಣವನ್ನೂ ಬರೆಯುತ್ತೇನೆ. ನೀನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗಿನ ಚಳಿಗಾಲ ನೆನಪಿದೆಯೇ? ಆಲೂಗಡ್ಡೆ, ಮತ್ತೆ ಆಲೂಗಡ್ಡೆ. ಅಮ್ಮನ ಹೊಲಿಗೆ ಮೆಷಿನ್ ಮನೆಯಿಂದ ಹೋಯಿತಲ್ಲ, ರಿಪೇರಿಗೆ ಕೊಟ್ಟಿದೆ ಎಂದೆವು. ರಿಪೇರಿಗೆ ಕೊಟ್ಟಿರಲಿಲ್ಲ.

ಆಗ ಊರಿನ ಚೌಕಕ್ಕೆ ಕಲ್ಲು ಹಾಸುವ ಕೆಲಸ ನಡೆಯುತ್ತಿತ್ತು. ಒಬ್ಬ ಕಂಟ್ರಾಕ್ಟರ್ ವಹಿಸಿಕೊಂಡಿದ್ದ. ನಾನು ಹಾಸಿದ ಕಲ್ಲಿನ ಮೇಲೆ ಗಾಲಿ ಕುರ್ಚಿ ತಳ್ಳಿದರೂ ಅಲುಗಬಾರದು, ಹಾಗೆ ಹಾಸುತ್ತಿದ್ದೆ. ಪಕ್ಕದಲ್ಲಿ ಮೊಣಕಾಲೂರಿ ಕೂರುತ್ತಿದ್ದವನಿಗೆ ನನ್ನ ಒಂದೂವರೆ ಪಟ್ಟು ಕೂಲಿ ಎಂದು ಬಿಯರ್ ಕುಡಿಯುವಾಗ ಗೊತ್ತಾಯಿತು. ಕಂಟ್ರಾಕ್ಟರನನ್ನು ಕೇಳಿದೆ. ನಿನ್ನ ಹಾಗೇ ಮೆಲ್ಲಗೆ ಕೇಳಿದೆ. ಅವನು ಬೈಯಲೂ ಇಲ್ಲ. ಹೆಗಲ ಮೇಲೆ ಕೈ ಹಾಕಿ "ನಾಳೆ ಬಾ, ಮಾತಾಡೋಣ" ಎಂದ. ಮಾರನೆಯ ದಿನ ಹೋದರೆ ಕಲ್ಲು ಕೂರಿಸಲು ನಾನು ಹರಡಿದ್ದ ಮರಳಿನ ಮೇಲೆ ಬೇರೆ ಯಾರೋ ಕುಳಿತಿದ್ದರು. ಆಮೇಲೆ ಯಾವ ಕಂಟ್ರಾಕ್ಟರನ ಹತ್ತಿರ ಹೋದರೂ "ಓ, ಲೆಕ್ಕ ಕೇಳೋ ಕೊಲೊಮಾನ್ ನೀನೇನಾ?" ಎನ್ನುತ್ತಿದ್ದರು. ಮುಂದಿನ ಬೇಸಿಗೆಯವರೆಗೂ ಒಂದು ದಿನದ ಕೆಲಸ ಸಿಗಲಿಲ್ಲ.

ನಾನು ಜಗಳ ಆಡಿರಲಿಲ್ಲ. ಕೇಳಿದ್ದೆ, ಅಷ್ಟೇ.

ಏಳು ಸಾವಿರ ಕಡಿಮೆಯೇ. ಏನೂ ಇಲ್ಲದಿರುವುದು ಅದಕ್ಕಿಂತ ಕಡಿಮೆ. ನಾನು ಇಲ್ಲಿ ಮಲಗಿದ್ದೇನೆ, ಮನೆ ನಿನ್ನೊಬ್ಬಳ ಮೇಲಿದೆ. ಹುದಾಕನ ಎದುರು ಬೀಳಬೇಡ.

ಅಪ್ಪ


ಯೆಲ್ಶಿನಾ, ಮಾರ್ಚ್ ೧೯

ಕೊಲೊಮಾನ್,

ಇದು ನಾನು ಬರೀತಿರೋದಲ್ಲ, ನನಗೆಲ್ಲಿ ಬರುತ್ತೆ. ನಾನು ಹೇಳ್ತೀನಿ, ಸ್ಲಾವ್ಕಾ ಅಂತ ಝನೆತಾ ಜೊತೆ ಕೆಲಸ ಮಾಡೋ ಗಾಜಿ ಹುಡುಗಿ ಬರೀತಾಳೆ. ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂದಿದೀನಿ. ಗಾಜಿ ಅಂದಿದ್ದೂ ಬರೆದೆಯೇನೇ? ಬರೆದಿದಾಳೆ. ನಗ್ತಿದಾಳೆ.

ನಿನ್ನ ಮಗಳು ನಿನಗೆ ಕಾಗದ ಬರೆಯಲ್ಲ ಅಂತಾಳೆ. ನಿನ್ನ ಕಾಗದ ಓದಿ, ಮೆಷಿನ್ ಇದ್ದ ಮೂಲೆ ನೋಡ್ಕೊಂಡು ಕೂತಳು. "ಅಮ್ಮ, ನಿನಗೆ ಇದೆಲ್ಲಾ ಗೊತ್ತಿತ್ತಾ?" ಅಂದಳು. ಗೊತ್ತಿಲ್ದೆ ಏನು, ಮೆಷಿನ್ ಮಾರಿದ್ದೇ ನಾನಲ್ವಾ. "ಅಪ್ಪ ತಪ್ಪೇನು ಕೇಳಿದ್ದ?" ಅಂದಳು. ನಾನೇನು ಹೇಳ್ಲಿ. ಆ ವಾರವೇ ರೈಲು ಹತ್ತಿ ಕೊಶಿತ್ಸೆಗೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ದೂರು ಕೊಟ್ಟು ಬಂದಳು. ಮರ್ಗಿತಾನೂ ಜೊತೆಗೆ ಹೋದಳು, ಹೊಸ ಸ್ಕಾರ್ಫ್ ಕಟ್ಕೊಂಡು, ಬೀಗರ ಮನೆಗೆ ಹೋದ ಹಾಗೆ.

ದೂರಿನ ಸುದ್ದಿ ಮೇಸ್ತ್ರಿ ಕಿವಿಗೆ ಬಿತ್ತು. ಝನೆತಾನ ಉರುಳೆಯಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸೋಕೆ ಹಾಕಿದಾನೆ. ಕುಡಿದವರು ಕಕ್ಕಿದ್ದು, ಮಕ್ಕಳು ಮಾಡಿದ್ದು, ಎಲ್ಲಾ ಇವಳ ಕೈಗೆ. ಮನೆಗೆ ಬಂದವಳು ಮೊದಲು ಹೊರಗೇ ನಿಂತು ಮೊಣಕೈ ತನಕ ತೊಳ್ಕೊಳ್ತಾಳೆ. ಬಾಯಿ ಬಿಡಲ್ಲ. ಈ ಹುಡುಗಿ ಬಂದು ಹೇಳಿದ್ದಕ್ಕೆ ನನಗೂ ಗೊತ್ತಾಗಿದ್ದು. ಇವಳು ನಮ್ಮ ಕೇರಿಗೆ ಬಂದಿದ್ದೇ ಮೊದಲು, ನಾಯಿಗಳೆಲ್ಲಾ ಮೆರವಣಿಗೆ ಮಾಡ್ಕೊಂಡು ಕರ್ಕೊಂಡು ಬಂದವು.

ನಾನು ನಿನ್ನ ಬೈಯಲ್ಲ ಕೊಲೊಮಾನ್. ನಿನ್ನ ಭಯ ನನಗೆ ಗೊತ್ತು, ಇಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದೀನಿ. ಆದ್ರೆ ಮಗಳಿಗೆ ಒಂದು ಸಾಲು ಬರಿ. ಬೇಡ ಅನ್ನೋದು ಬಿಟ್ಟು ಬೇರೆ ಏನಾದ್ರೂ.

ಯೋಲಾನಾ

ಝನೆತಾ ಅವರ ತಂದೆಯವರಿಗೆ ನಮಸ್ಕಾರ. ನಾನು ಸ್ಲಾವ್ಕಾ. ನೀವು ಪ್ರಾಗಿನಲ್ಲಿ ಇಲ್ಲ ಎಂಬುದು ಲಕೋಟೆಯ ಮೇಲೆ ವಿಳಾಸ ಬರೆಯುವಾಗ ತಿಳಿಯಿತು. ಲಾಂಡ್ರಿಯಲ್ಲಿ ಯಾರಿಗೂ ಹೇಳುವುದಿಲ್ಲ. ಮುಂದಿನ ವಾರ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾರಂತೆ. ಸಂಬಳ ಎಷ್ಟೆಂದು ಬಾಯಿಬಿಟ್ಟವರನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಮೇಸ್ತ್ರಿ ನಮ್ಮನ್ನೆಲ್ಲಾ ನಿಲ್ಲಿಸಿ ಹೇಳಿದ್ದಾರೆ. ನನಗೆ ತುಂಬಾ ಹೆದರಿಕೆಯಾಗಿದೆ. ಯಾರಿಗಾದರೂ ಹೇಳಬೇಕೆನಿಸಿತು, ನಿಮಗೆ ಹೇಳಿದೆ. ಬೇಗ ಗುಣವಾಗಿ.


ಆರೋಗ್ಯಧಾಮ, ಮಾರ್ಚ್ ೨೪

ಝನೆತಾ,

ಕೊಳೆ ಬಟ್ಟೆಗೆ ಬರಿಗೈ ಹಾಕಬೇಡ. ರಬ್ಬರಿನ ಕೈಗವಸು ಕೊಡದಿದ್ದರೆ ನೀನೇ ಕೊಂಡುಕೋ, ಮೊಣಕೈವರೆಗೆ ಬರುವಂಥದ್ದು. ಮೂಗಿಗೆ ಬಟ್ಟೆ ಕಟ್ಟಿಕೋ. ಇಲ್ಲಿಯ ನರ್ಸ್ ಹೇಳಿದಳು, ಬಟ್ಟೆಯನ್ನು ಕೊಡವಬಾರದಂತೆ, ಒಳಮುಖವಾಗಿ ಸುತ್ತಿ ಹಾಕಬೇಕಂತೆ.

ಕಳೆದ ಕಾಗದದಲ್ಲಿ ಬರೆದದ್ದನ್ನು ಮತ್ತೆ ಬರೆಯುವುದಿಲ್ಲ. ಬೆಲೂಶ್ ಅವರಿಗೆ ಎಲ್ಲಾ ಹೇಳಿದೆ. "ನಿನ್ನ ಮಗಳು ನಿನ್ನ ಹಾಗೇ" ಎಂದರು. "ಅದಕ್ಕೇ ನನಗೆ ಭಯ" ಎಂದೆ. ಆ ದಿನ ಅವರು ಆಟದಲ್ಲಿ ಮೋಸ ಮಾಡಲಿಲ್ಲ.

ನೀನು ಬರೆಯದಿದ್ದರೂ ಸರಿ. ನಾನು ಬರೆಯುತ್ತಿರುತ್ತೇನೆ.

ಅಪ್ಪ


ಯೆಲ್ಶಿನಾ, ಏಪ್ರಿಲ್ ೨

ಅಪ್ಪಾ,

ಕೈಗವಸು ಕೊಂಡೆ. ನಿನ್ನ ಕಾಗದ ಬಂದ ದಿನವೇ ಕೊಂಡೆ.

ಇನ್ಸ್‌ಪೆಕ್ಟರ್ ಬುಧವಾರ ಬಂದರು. ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಇವರಿಂದ ಏನಾಗುತ್ತದೆ ಎಂದುಕೊಂಡೆ. ಹುದಾಕ್ ಅವರ ಪಕ್ಕದಲ್ಲೇ ಅಂಟಿಕೊಂಡು ನಡೆಯುತ್ತಿದ್ದ. ನನ್ನನ್ನು ಕೊಳೆ ಬಟ್ಟೆಯ ಕಡೆಯಿಂದ ಕರೆಸಿದರು. ಇನ್ಸ್‌ಪೆಕ್ಟರ್ ಮೆಷಿನುಗಳನ್ನೆಲ್ಲಾ ನಿಲ್ಲಿಸಲು ಹೇಳಿದರು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಒಮ್ಮೆಲೇ ಸದ್ದಿಲ್ಲ. ಎಲ್ಲೋ ಹಬೆ ಸೋರುವುದು ಮಾತ್ರ ಕೇಳುತ್ತಿತ್ತು.

ಹುದಾಕ್ ಹೇಳಿದ, "ಸಂಬಳದಲ್ಲಿ ಭೇದ ಏನೂ ಇಲ್ಲ ಮೇಡಂ. ಕೆಲಸವೇ ಬೇರೆ ಬೇರೆ. ಸ್ಲಾವ್ಕಾ ಅವರು ಮೆಷಿನ್ ನಡೆಸೋರು. ಝನೆತಾ ಸಹಾಯಕಿ. ಈ ಕೇರಿ ಹೆಂಗಸರೆಲ್ಲಾ ಸಹಾಯಕಿಯರು."

ನನಗೇ ಅದು ಹೊಸ ಸುದ್ದಿ. ಇಷ್ಟು ದಿನ ನಾನು ಸಹಾಯಕಿ ಎಂದು ನನಗೇ ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಮೂಗು ಒರೆಸಿಕೊಂಡು "ಯಾರಿಗೆ ಸಹಾಯಕಿ?" ಎಂದರು.

ಹುದಾಕ್ ಸ್ಲಾವ್ಕಾಳ ಕಡೆ ಕೈ ತೋರಿಸಿದ. "ಇವರಿಗೆ."

ಸ್ಲಾವ್ಕಾಳ ಮುಖ ಹಾಸುಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಅವಳು ಮಾತಾಡುವುದಿಲ್ಲ ಎಂದುಕೊಂಡೆ. ಮಾತಾಡಬೇಕೆಂದು ನಾನು ಕೇಳಿಯೂ ಇರಲಿಲ್ಲ, ಅವಳಿಗೂ ಬಾಡಿಗೆ ಕಟ್ಟುವುದಿದೆ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ನನಗೆ ಕೆಲಸ ಕಲಿಸಿದ್ದೇ ಅವಳು" ಎಂದಳು. "ಅವಳು ಆ ಬದಿ, ನಾನು ಈ ಬದಿ. ನನಗೆ ಒಂಬತ್ತೂವರೆ ಸಾವಿರ ಬರುತ್ತೆ."

"ಸ್ಲಾವ್ಕಾ ಅವರೇ" ಎಂದು ಹುದಾಕ್ ಬಾಯಿ ತೆರೆದ.

ನಾನು "ನನಗೆ ಏಳು" ಎಂದೆ. ಮರ್ಗಿತಾ ಚಿಕ್ಕಮ್ಮ ಹಿಂದಿನಿಂದ "ನನಗೂ ಏಳೇ ಕಣಮ್ಮ" ಎಂದಳು. ನಮ್ಮವರು ಒಬ್ಬೊಬ್ಬರಾಗಿ ಹೇಳಿದರು. ಅಷ್ಟರಲ್ಲಿ ಆಚೆ ಕಡೆಯಿಂದ ಇನ್ನೊಂದು ದನಿ ಬಂತು. ದಿಂಬಿನ ಗವಸು ಮಡಿಸುವ ವಿಲ್ಮಾ, ಗಾಜಿ, ಎಷ್ಟೋ ವರ್ಷಗಳಿಂದ ಅಲ್ಲೇ ಇರುವವಳು. ನಮ್ಮ ಜೊತೆ ಒಂದು ದಿನವೂ ಕುಳಿತು ಉಂಡವಳಲ್ಲ.

"ಏನಂದೆ ಸ್ಲಾವ್ಕಾ, ಒಂಬತ್ತೂವರೆನಾ?" ಎಂದಳು. "ನನಗೆ ಎಂಟು. ಹುದಾಕ್ ಅವರೇ, ಇಷ್ಟು ವರ್ಷ ಆಯ್ತು, ನನಗ್ಯಾಕೆ ಎಂಟು?"

ನಾವು ಕಡಿಮೆ ಖರ್ಚಿನವರು ಎಂದು ನಮಗೆ ಹೇಳಿದ ಹಾಗೆ ವಿಲ್ಮಾಗೆ ಹೇಳಲಾಗುತ್ತದೆಯೇ? ಮಡಿಸುತ್ತಿದ್ದ ಹೆಂಗಸರೆಲ್ಲಾ ತಮ್ಮ ತಮ್ಮ ಸಂಬಳ ಹೇಳತೊಡಗಿದರು. ಕೆಲವರು ಸಿಟ್ಟಿನಿಂದ, ಕೆಲವರು ನಾಚಿಕೊಂಡು. ಇನ್ಸ್‌ಪೆಕ್ಟರ್ "ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ" ಎನ್ನುತ್ತಾ ಅಲ್ಲೇ ಒಂದು ಬಟ್ಟೆಯ ಬುಟ್ಟಿ ಮಗುಚಿ ಅದರ ಮೇಲೆ ಕುಳಿತುಬಿಟ್ಟರು.

ಏನಾಗುತ್ತದೋ ಗೊತ್ತಿಲ್ಲ. ಹೋಗುವಾಗ ಅವರು "ಸಮಯ ಹಿಡಿಯುತ್ತೆ" ಎಂದಷ್ಟೇ ಹೇಳಿದರು. ನಾನಿನ್ನೂ ಕೊಳೆ ಬಟ್ಟೆಯ ಕಡೆಯೇ ಇದ್ದೇನೆ. ಸ್ಲಾವ್ಕಾಳನ್ನು ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಅವಳನ್ನು ಕಂಡರೆ ಎದೆ ಹಗುರವಾಗುತ್ತದೆ, ಅವಳಿಗೂ ಹಾಗೇ ಆಗುತ್ತದಂತೆ.

ಅಪ್ಪಾ, ಇಷ್ಟು ದಿನ ಬರೆಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಏನು ಬರೆದರೂ ನೀನು ಹೆದರುತ್ತೀಯ, ಹೆದರಿದರೆ ಕೆಮ್ಮು ಹೆಚ್ಚುತ್ತದೆ ಎಂದು.

ನಿನ್ನ
ಝನೆತಾ


ಯೆಲ್ಶಿನಾ, ಮೇ ೨೧

ಅಪ್ಪಾ,

ಆಯಿತು. ಮೊದಲು ಅದನ್ನೇ ಬರೆಯುತ್ತೇನೆ, ಆಯಿತು.

ಈ ತಿಂಗಳಿನಿಂದ ಉರುಳೆಯ ಎರಡು ಬದಿಗೂ ಒಂದೇ ಸಂಬಳ. ಸಹಾಯಕಿ ಎನ್ನುವ ಹೆಸರನ್ನೇ ತೆಗೆದುಹಾಕಿದ್ದಾರೆ. ಹಿಂದಿನದರ ಬಾಕಿಯನ್ನು ಬೇಸಿಗೆ ಮುಗಿಯುವುದರೊಳಗೆ ಕೊಡಬೇಕೆಂದು ಇಲಾಖೆಯಿಂದ ಆದೇಶ ಬಂದಿದೆ. ಲಾಂಡ್ರಿಯವರಿಗೆ ದಂಡವನ್ನೂ ಹಾಕಿದ್ದಾರಂತೆ. ವಿಲ್ಮಾಗೂ ಏರಿಸಿದ್ದಾರೆ. ಅವಳು ನನ್ನ ಹತ್ತಿರ ಬಂದು "ನೀನು ದೂರು ಕೊಡದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಈಗಲೂ ಬೇರೆಯೇ ಕೂರುತ್ತಾಳೆ. ಕೂರಲಿ.

ನನ್ನನ್ನು ಮತ್ತೆ ಉರುಳೆಗೆ ಕರೆದಿದ್ದಾರೆ. ಹುದಾಕ್ ಎಲ್ಲೂ ಹೋಗಿಲ್ಲ, ಅಲ್ಲೇ ಇದ್ದಾನೆ. ಸೋಮವಾರ ಬಂದು ನಮ್ಮ ಎದುರು ನಿಂತು "ಝನೆತಾ, ಉರುಳೆಗೆ ಹೋಗು" ಎಂದವನು ಸ್ವಲ್ಪ ತಡೆದು "ಹೋಗಿ" ಎಂದ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದವನ ಹಾಗೆ. ಮರ್ಗಿತಾ ಚಿಕ್ಕಮ್ಮ ತಕ್ಷಣ "ನಾನೂ ಹೋಗ್ಲಾ, ನಾನೂ ಹೋಗ್ಲೇನ್ರೀ?" ಎಂದಳು. ನಾವು ನಗು ತಡೆಯಲು ಹಾಸುಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆವು.

ನೀನು ನಂಬುವುದಿಲ್ಲ, ನಾನು ನಿನ್ನೆ ಹಗಲಿಡೀ ಮಲಗಿದೆ. ಈ ಮೂರು ನಾಲ್ಕು ತಿಂಗಳು ಮಲಗಿದರೂ ದವಡೆ ಬಿಗಿದುಕೊಂಡೇ ಇರುತ್ತಿತ್ತು. ಎದ್ದಾಗ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಅಮ್ಮ ಎಲೆಕೋಸು ಹುರಿಯುತ್ತಿದ್ದಳು, ಸ್ಲಾವ್ಕಾ ಮಣೆಯ ಮೇಲೆ ಕುಳಿತು ರೊಟ್ಟಿ ತಟ್ಟಲು ಕಲಿಯುತ್ತಿದ್ದಳು. "ದುಂಡಗೆ ಬರಲ್ಲ ಇದು" ಎಂದು ಅವಳು. "ಗಾಜಿ ಕೈಗೆ ಹೇಗೆ ಬರುತ್ತೆ" ಎಂದು ಅಮ್ಮ. ನಾನು ಕಣ್ಣು ಮುಚ್ಚಿ ಮತ್ತೆ ಸ್ವಲ್ಪ ಹೊತ್ತು ಮಲಗಿದ್ದೆ, ಸುಮ್ಮನೆ ಅದನ್ನು ಕೇಳಿಸಿಕೊಳ್ಳಲು.

ನಿನ್ನ ಕಫದ ಪರೀಕ್ಷೆ ಏನಾಯಿತು? ಬೇಗ ಬರಿ.

ನಿನ್ನ
ಝನೆತಾ


ಆರೋಗ್ಯಧಾಮ, ಜೂನ್ ೧೧

ಝನೆತಾ,

ಪರೀಕ್ಷೆ ಸ್ವಚ್ಛ. ಮೂರು ಸಲ ಮಾಡಿದರು, ಮೂರು ಸಲವೂ ಏನೂ ಇಲ್ಲ. ಗುರುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಮಾತ್ರೆಗಳನ್ನು ಇನ್ನೂ ಕೆಲವು ತಿಂಗಳು ನುಂಗಬೇಕು. ಅಮ್ಮನಿಗೆ ಹೇಳು, ಸ್ಟೇಷನ್ನಿಗೆ ಕೇರಿಗೆ ಕೇರಿಯೇ ಬರುವುದು ಬೇಡ. ಹೇಳಿದರೂ ಬರುತ್ತೀರಿ ಎಂದು ಗೊತ್ತು.

ನಿನ್ನ ಮೇ ತಿಂಗಳ ಕಾಗದವನ್ನು ಬೆಲೂಶ್ ಅವರಿಗೆ ಓದಿ ಹೇಳಿದೆ. ಅವರು ಇಸ್ಪೀಟು ಕೆಳಗಿಟ್ಟು ನನ್ನ ಕೈ ಕುಲುಕಿದರು, ನಾನೇ ಏನೋ ಮಾಡಿದವನ ಹಾಗೆ. ನಾನೇನೂ ಮಾಡಲಿಲ್ಲ, ಬೇಡ ಎಂದಿದ್ದೆ ಎಂದೆ. "ಕೈ ಕೊಡಯ್ಯ ಸುಮ್ನೆ" ಎಂದರು.

ನಿನಗೆ ಇನ್ನೊಂದು ವಿಷಯ ಹೇಳಬೇಕು. ಇಲ್ಲಿಯ ತೋಟದಲ್ಲಿ ರೋಗಿಗಳು ಓಡಾಡುವ ಕಲ್ಲುದಾರಿ ಹಿಮ ಬಿದ್ದು ಬಿದ್ದು ಎದ್ದುಹೋಗಿದೆ. ನಾನು ದಿನಾ ಅದನ್ನು ನೋಡಿ ಸಂಕಟಪಡುತ್ತಿದ್ದೆ. ನಿನ್ನೆ ರಿಪೇರಿ ಕೆಲಸಗಳ ಉಸ್ತುವಾರಿ ನೋಡುವವನು ಬಂದ. ನಾನು ಕಲ್ಲು ಹಾಸುವವನೆಂದು ನರ್ಸ್ ಹೇಳಿದ್ದಳಂತೆ. "ಡಾಕ್ಟರು ಸೆಪ್ಟೆಂಬರಿನಿಂದ ಹಗುರ ಕೆಲಸ ಮಾಡಬಹುದು ಅಂದಿದಾರೆ. ಇನ್ನಿಬ್ಬರು ಇರ್ತಾರೆ. ರೈಲಲ್ಲಿ ಬಂದು ಹೋಗಿ ಮಾಡ್ತೀರಾ?" ಎಂದ. ದಿನಗೂಲಿ ಇಷ್ಟು ಎಂದ.

ನಾನು ಆಗಲಿ ಎನ್ನಬೇಕಾಗಿತ್ತು. ಅದೇ ಬಾಯಿಗೆ ಬಂದಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಉಳಿದ ಇಬ್ಬರಿಗೆ ಎಷ್ಟು ಕೊಡ್ತೀರಿ?"

ಅವನು ನನ್ನನ್ನು ನೋಡಿದ.

"ಅವರಿಗೂ ಅಷ್ಟೇ. ಯಾಕೆ?"

"ಸುಮ್ಮನೆ ಕೇಳಿದೆ" ಎಂದೆ.

ಅವನು ತಲೆಯಾಡಿಸಿ ಮರಳು ಎಲ್ಲಿಂದ ತರಿಸಬೇಕು ಎಂಬ ಮಾತಿಗೆ ಹೋದ. ಸಿಟ್ಟಿಲ್ಲ, ನಗುವಿಲ್ಲ, ನಾಳೆ ಬಾ ಎನ್ನಲಿಲ್ಲ. ಅವನು ಹೋದ ಮೇಲೆ ನಾನು ಬೆಂಚಿನ ಮೇಲೆ ಕುಳಿತುಕೊಂಡೆ. ಬೆಲೂಶ್ ಕೋಲೂರಿಕೊಂಡು ಬಂದರು.

"ಏನಾಯ್ತಯ್ಯಾ ಕೊಲೊಮಾನ್, ಮುಖ ಯಾಕೆ ಹಾಗಿದೆ?"

"ಕೇಳಿದೆ" ಎಂದೆ. "ಏನೂ ಆಗಲಿಲ್ಲ."

ಅಪ್ಪ